ಎಪ್ಪತ್ತೆರಡು ತಾಸು

ಲ್ಯಾಬಿನ ರಬ್ಬರ್ ಕೈಗೆ ನೋವಿಲ್ಲ, ಅಡ್ಡಹೆಸರಿಲ್ಲ,
ಚುಚ್ಚಿದರ ಕೆಂಪು ನೀರು ಬರತೈತಿ, ಅಷ್ಟ.
ಅದರ ಮ್ಯಾಲೆ ನಾ ಇಪ್ಪತ್ತು ಸಲ ಪಾಸು.

ಗದಗಿನ ದೊಡ್ಡ ದವಾಖಾನಿ, ಒಂಬತ್ತನೇ ಕಾಟು:
ಬೆಟಗೇರಿಯ ಸಾವಂತ್ರವ್ವ, ಅರವತ್ತೆಂಟು,
ಮೂರು ದಿನದ ವಾಂತಿಗೆ ಒಣಗಿದ ನಾಲಗಿ,
ಕೈ ಅಂದರ ಮಡಚಿ ಮಡಚಿ ಸವೆದ ಕಾಗದ.
ನರ ಕಾಣತಾವ,
ಮುಟ್ಟಿದರ ಸರೀತಾವ,
ಬಾಗಲಾ ಬಡದರ ಒಳಗ ಹೋಗೋ ಸಾಲಗಾರನಂಗ.

ಮೊದಲನೇದು ಉಬ್ಬಿತು.
ಎರಡನೇದಕ್ಕ ಒಂದ ಹನಿ ಬಂದು ನಿಂತಿತು.
"ಕಲಿಯಾಕ ನಮ್ಮವ್ವನ ಕೈನ ಸಿಕ್ಕಿತೇನ?"
ಕಾಲತುದಿಗೆ ನಿಂತ ಮಗಳು ಕೇಳಿದಳು.
ಹೌದು ಅನ್ನೂದು ಖರೇ ಇತ್ತು,
ಅದಕ್ಕ ಸುಮ್ಮನಾದೆ.

ಅರಿವಿ ಇಡೋ ಕೋಣೆಗೆ ಹೋದರ ಅಲ್ಲಿ ಮೊದಲ
ಜುಲೇಖಾ ನದಾಫ ನಿಂತಿದ್ದಳು
ತೊಳೆದ ಚಾದರಿನ ಗಂಟಿಗೆ ಮುಖ ಒತ್ತಿ.
ಮಕ್ಕಳ ವಾರ್ಡಿನ ಪಾಳಿ ಅಕಿದು.
ನಾ ಕೇಳಲಿಲ್ಲ, ಅಕಿನೂ ಕೇಳಲಿಲ್ಲ.
ಒಬ್ಬಾಕಿ ಅಳೂವಷ್ಟ ಜಾಗ,
ಇನ್ನೊಬ್ಬಾಕಿ ಬಾಗಲಾ ಕಾಯಬೇಕು,
ಹಂಗ ಪಾಳಿ ಹಚ್ಚಿ ಅತ್ತು
ಕೊರಳ ಕಾರ್ಡು ಸೀದಾ ಮಾಡಿಕೊಂಡೆವು.

ಸಿಸ್ಟರ್ ಎಸ್ತರ್ ಕೋಟಿ ನನ್ನ ಕಣ್ಣು ನೋಡಿದರು.
"ಮುಖ ತೊಳದೀ, ಈಗ ಕೈ ತೊಳಿ."
ಅಷ್ಟ ಅಂದು ಟ್ರೇ ನನ್ನ ಕೈಗೇ ಕೊಟ್ಟರು.

ಮುದುಕಿ ಕಣ್ಣು ತೆರೀಲಿಲ್ಲ.
"ನೋಡಬ್ಯಾಡಬೇ ಯವ್ವಾ, ನೋಡಿದರ ಸಿಗಂಗಿಲ್ಲ ಅದು.
ನಲವತ್ತು ವರ್ಷ ಮಗ್ಗದ ಕುಣಿಯೊಳಗ ಕುಂತಾಕಿ ನಾ,
ಕರೆಂಟು ಹೋದಾಗ ಹರಿದ ಎಳಿ
ಕಣ್ಣಿಂದ ಹುಡುಕಿನೇನ?"

ಪಟ್ಟಿ ಬಿಗಿದೆ. ಗ್ಲೌಸಿನೊಳಗಿನ ಬೆರಳು ಇಟ್ಟು
ಬ್ಯಾರೆ ಎಲ್ಲಾ ಬಿಟ್ಟೆ: ಮಗಳ ನೆರಳು,
ಫ್ಯಾನಿನ ಕಿರಗುಟ್ಟೂದು, ಲಾಗ್‌ಬುಕ್ಕು.
ಮುಂಗೈಯ ಹೊರಬದಿ, ಯಾರೂ ನೋಡದಲ್ಲಿ
ಮೆತ್ತಗ ಒಂದು ಪುಟಿತ.
ಚರ್ಮ ಜಗ್ಗಿ ಹಿಡಿದೆ, ಸೂಜಿಬಾಯಿ ಮ್ಯಾಲೆ,
ಹದಿನೈದು ಡಿಗ್ರಿ. ತಡಿ. ಇನ್ನೊಂದೆಳ್ಳು.
ಹಿಂದಿನ ಗಾಜಿನೊಳಗ ಕುಂಕುಮದಷ್ಟು ಕೆಂಪು.
ಕೊಳವಿ ಮುಂದ, ಪಟ್ಟಿ ಸಡಿಲ, ಸೂಜಿ ಹಿಂದ,
ಸಲೈನು ಹನಿ ಹಿಡೀತು.

"ಕೂಡಿತೇನ ಎಳಿ?"
"ಕೂಡಿತಬೇ."

ಅಂಟಿಸಿದ ಬಿಳಿ ಚೂರಿನ ಮ್ಯಾಲೆ ಬರದೆ:
ಹದಿನಾಲ್ಕು, ಸಂಜಿ ನಾಕೂ ಹತ್ತು, ಹು. ಮು.
ಹುಲಿಗೆವ್ವ ಮುಂಡರಗಿ, ಸೆಕೆಂಡ್ ಇಯರ್,
ಒಂದು ಮನಶ್ಯಾರ ಮೈಮ್ಯಾಲೆ ಮೊದಲ ಸಲ ಸಹಿ.
ಸಿಸ್ಟರ್ ಲಾಗ್‌ಬುಕ್ಕಿಗೆ 'ಒಂದು' ಅಂತ ಬರದರು.
ತಪ್ಪಿದ ಎರಡಕ್ಕ ಅದರಾಗ ಖಾನೆಯಿಲ್ಲ.

ರಾತ್ರಿ ಮೂತ್ರ ನಿಂತಿತಂತ,
ಒಂದೂವರಿಗೆ ಅಂಬುಲೆನ್ಸಿನ್ಯಾಗ ಹುಬ್ಬಳ್ಳಿಗೆ ಕಳಿಸಿದರಂತ.
ಮುಂಜಾನೆ ಒಂಬತ್ತನೇ ಕಾಟಿನ ಮ್ಯಾಲೆ ಡೆಂಗಿ ಜ್ವರದ ಹುಡುಗಿ,
ದಿಂಬಿನ ಕೆಳಗ ಪಿಯುಸಿ ಗಣಿತ,
ನರ ಅಂದರ ಬಾವಿಹಗ್ಗ.
ಒಂದ ಏಟಿಗೆ ಆತು. ಲಾಗ್‌ಬುಕ್ಕಿನ್ಯಾಗ 'ಎರಡು'.
ಖುಷಿ ಆತು ಖರೇ. ಸುಳ್ಳ್ಯಾಕ ಹೇಳಲಿ.

ಇವತ್ತು ಹದಿನೇಳು.
ಕ್ಯಾನುಲಾ ಎಪ್ಪತ್ತೆರಡು ತಾಸಿಗೆ ತೆಗೀಬೇಕು ಅಂತಾರ.
ನಾಕೂ ಹತ್ತಕ್ಕ ಹುಬ್ಬಳ್ಳಿಯ ಯಾವದೋ ವಾರ್ಡಿನ್ಯಾಗ
ನನ್ನಂಥಾಕಿ ಯಾವಳೋ ನನ್ನ ಅಕ್ಷರ ಓದಿ
ತುದಿಯಿಂದ ಮೆತ್ತಗ ಎಬ್ಬಿಸ್ಯಾಳು,
"ಯಾರಬೇ ಹಾಕಿದ್ದು, ಚಲೋ ಹಾಕ್ಯಾರ" ಅಂದಾಳು.
ಇಲ್ಲಾ, ಮೊನ್ನೆನ ತೆಗೆದಿರಬೇಕು,
ಹತ್ತಿ ಒತ್ತೂದು ಬೇಕಾಗಿರದ ಕೈಯಿಂದ.
ಮಗಳ ಫೋನ್ ನಂಬರ್ ಕೇಸ್‌ಶೀಟಿನ್ಯಾಗಿತ್ತು.
ಬರಕೊಳ್ಳಲಿಲ್ಲ.

ಹಾಸ್ಟೆಲಿನ ಚಾ ಆರಾಕಹತ್ತೈತಿ.
ಕಿಡಕಿಯಾಚೆ ಗುಡ್ಡದ ಗಾಳಿಪಂಖಾ
ಒಂದು ತಿರಗತೈತಿ, ಒಂದು ನಿಂತೈತಿ.
ನನ್ನ ಹೆಬ್ಬಟ್ಟು, ಯಾರೂ ಹೇಳದ,
ನನ್ನ ಎಡ ಮುಂಗೈ ಒತ್ತಿ ಹಿಡಿದು ಕುಂತೈತಿ.

"ಏನಾತಲೇ?" ಅಂದಳು ಜುಲೇಖಾ, ಬನ್ನು ಮುರಕೋತ.
"ಎರಡು ನಿಮಿಷ ತಡಿ," ಅಂದೆ,
"ತಿಕ್ಕಬಾರದು."